ಓಶನ್‌ಸೈಡ್ ದಾಟದವನಿಗೆ ಕಳಿಸಿದ ಆಹ್ವಾನ

ಸಚಿವರು ಬರುವ ಹಿಂದಿನ ವಾರ ನಾನು ಚಿಂತಿಸಿದ ಸಂಗತಿಗಳು ಇವು: ಪಾರ್ಕಿಂಗ್, ಲಿಫ್ಟ್, ಹಾಲಿಲ್ಲದ ಚಹಾ ಕುಡಿಯುವವರು ಯಾರಾದರೂ ಇದ್ದಾರೆಯೇ, ಮೇಜಿನ ಮೇಲೆ ಹೆಸರಿನ ಚೀಟಿಗಳನ್ನು ಇಡಬೇಕೋ ಬೇಡವೋ, ಇಡದಿದ್ದರೆ ಸಚಿವರು ಯಾರನ್ನು ಏನೆಂದು ಕರೆಯಬೇಕು, ಇಟ್ಟಾಗ ಯಾರಾದರೂ ಫೋಟೊ ತೆಗೆದುಬಿಟ್ಟರೆ ಗತಿಯೇನು. ಆ ದಿನ ಬೆಳಿಗ್ಗೆ ಸೆರಿಟೋಸ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ನನ್ನ ಗಂಡ ಕಾರಿನ ಬಾಗಿಲು ಹಿಡಿದುಕೊಂಡು, "ಭೂಕಂಪ ಒಂದನ್ನ ಬಿಟ್ಟೆ ನೋಡು," ಎಂದರು. ಬಿಟ್ಟಿರಲಿಲ್ಲ. ಕಟ್ಟಡದ ಹಿಂಬಾಗಿಲಿನ ಬೀಗದ ಕೈ ನನ್ನ ಪರ್ಸಿನಲ್ಲಿತ್ತು.

ನಾನು ಕೆಲಸ ಮಾಡುತ್ತಿದ್ದದ್ದು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಪೀಡ್ರೊ ಬಂದರಿನ ಹತ್ತಿರದ ಒಂದು ವಕೀಲರ ಕಚೇರಿಯಲ್ಲಿ. ಹಡಗಿನ ಸರಕಿನ ತಕರಾರುಗಳೇ ಅಲ್ಲಿನ ವ್ಯವಹಾರ. ಆದರೆ ಯಜಮಾನರು ಐರ್ಲೆಂಡಿನಲ್ಲಿ ಹುಟ್ಟಿದವರು. ಆ ದೇಶದ ಸರ್ಕಾರ ಅವರನ್ನು ಇಲ್ಲಿ ತನ್ನ ಗೌರವ ಕಾನ್ಸಲ್ ಆಗಿ, ಅಂದರೆ ಸಂಬಳವಿಲ್ಲದ ಪ್ರತಿನಿಧಿಯಾಗಿ, ನೇಮಿಸಿತ್ತು. ಗೌರವ ಅವರ ಪಾಲಿಗೆ ಬಂತು, ಕಾಗದದ ಕೆಲಸ ನನ್ನ ಪಾಲಿಗೆ. ಕಳೆದುಹೋದ ಪಾಸ್‌ಪೋರ್ಟು, ಇಲ್ಲಿ ತೀರಿಕೊಂಡವರ ದೇಹವನ್ನು ಊರಿಗೆ ಕಳಿಸುವ ಪತ್ರ, ಇಂಥವು. ಐರ್ಲೆಂಡನ್ನು ನಾನು ಕಣ್ಣಿಂದ ನೋಡಿಲ್ಲ. ಕನ್ನಡ ಸಂಘದ ದೀಪಾವಳಿಯಲ್ಲಿ ಯಾರಾದರೂ ಎಲ್ಲಿ ಕೆಲಸ ಎಂದು ಕೇಳಿದಾಗ ಐರ್ಲೆಂಡ್ ಸರ್ಕಾರದ ಕೆಲಸ ಎಂದರೆ ಅವರು ನಕ್ಕು, "ಅಲ್ಲ ಆಂಟಿ, ನಿಜವಾಗ್ಲೂ ಎಲ್ಲಿ?" ಎಂದು ಮತ್ತೆ ಕೇಳುತ್ತಿದ್ದರು.

ತೊಂಬತ್ತು ದಿನದ ಪ್ರವಾಸಕ್ಕೆಂದು ವೀಸಾ ಇಲ್ಲದೆ ಬಂದು ಇಲ್ಲೇ ಉಳಿದುಬಿಟ್ಟ ಐರಿಶ್ ಜನ ಈ ದೇಶದಲ್ಲಿ ಸಾವಿರಗಟ್ಟಲೆ ಇದ್ದಾರೆ. ಮನೆ ಕಟ್ಟುತ್ತಾರೆ, ಮುದುಕರನ್ನು ನೋಡಿಕೊಳ್ಳುತ್ತಾರೆ, ಬಾರಿನಲ್ಲಿ ಗ್ಲಾಸು ತೊಳೆಯುತ್ತಾರೆ. ತಾಯಿ ಸತ್ತರೂ ಊರಿಗೆ ಹೋಗುವುದಿಲ್ಲ, ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಅವರ ಪರವಾಗಿ ಅವರ ಸರ್ಕಾರ ವಾಷಿಂಗ್ಟನ್ನಿನಲ್ಲಿ ವರ್ಷಗಳಿಂದ ಬಾಗಿಲು ತಟ್ಟುತ್ತಿತ್ತು. ಆ ವರ್ಷ ಐರಿಶ್ ಪ್ರಜೆಗಳಿಗೆ ಒಂದಿಷ್ಟು ಕೆಲಸದ ವೀಸಾ ಕೊಡಬಹುದಾದ ಒಂದು ಮಸೂದೆಯ ಮಾತು ನಡೆದಿತ್ತು. ಹಾಗಾಗಿ ಐರ್ಲೆಂಡಿನಿಂದ ಸಚಿವರು ಬಂದರು. ಸಚಿವರು ಬಂದರೆ ಒಂದು ಪದ್ಧತಿ ಇದೆ: ಮುಚ್ಚಿದ ಬಾಗಿಲಿನ ಕೋಣೆ, ಚಹಾ, ಇಲ್ಲಿರಲು ಕಾಗದವಿಲ್ಲದ ಹನ್ನೆರಡು ಹದಿನಾಲ್ಕು ಜನ. ಅವರು ತಮ್ಮ ಕಥೆ ಹೇಳುತ್ತಾರೆ, ಸಚಿವರು ಅದನ್ನು ಹೆಸರಿಲ್ಲದೆ ವಾಷಿಂಗ್ಟನ್ನಿಗೆ ಒಯ್ಯುತ್ತಾರೆ.

ಜನರನ್ನು ಆರಿಸುವ ಕೆಲಸ ನನ್ನದಾಗಿತ್ತು. ಸ್ಯಾನ್ ಡಿಯೇಗೊದಿಂದ ಒಬ್ಬರಾದರೂ ಇರಲಿ ಎಂದು ಕಾನ್ಸಲ್ ಹೇಳಿದರು. ಅಲ್ಲಿ ನನಗೆ ಗೊತ್ತಿದ್ದವನು ಒಬ್ಬ ಬಡಗಿ. ಬಂದು ಹತ್ತೊಂಬತ್ತು ವರ್ಷ. ಅವನಂತೆಯೇ ಬಂದಿದ್ದ ಹೆಂಡತಿ ನಾಲ್ಕು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡಾಗ ಮರಣಪತ್ರದ ಕೆಲಸಕ್ಕೆ ನಮ್ಮಲ್ಲಿಗೆ ಫೋನ್ ಮಾಡಿದ್ದ. ಇಲ್ಲೇ ಹುಟ್ಟಿದ, ಹನ್ನೊಂದು ವರ್ಷದ ಒಬ್ಬ ಮಗಳು.

"ಇಲ್ಲ ಮೇಡಂ, ನಾನು ಓಶನ್‌ಸೈಡ್ ದಾಟಲ್ಲ," ಎಂದ ಆತ.

ಓಶನ್‌ಸೈಡ್ ಅಲ್ಲಿಂದ ನಮ್ಮ ಕಡೆಗೆ ಬರುವ ದಾರಿಯಲ್ಲಿನ ಊರು. ನನಗೆ ಆ ಉತ್ತರ ಸೋಮಾರಿತನದ ಮಾತಿನಂತೆ ಕೇಳಿಸಿತು. "ಎರಡು ಗಂಟೆ ಡ್ರೈವ್ ಅಷ್ಟೇ. ಬೆಳಿಗ್ಗೆ ಬಂದು ಸಂಜೆ ವಾಪಸ್. ನಿಮ್ಮ ಕಥೆ ಅವರು ಕೇಳಲೇಬೇಕು."

"ಸಚಿವರು ಖುದ್ದಾಗಿ ಬರ್ತಾರಾ?"

"ಖುದ್ದಾಗಿ."

"ಆಯ್ತು ಹಾಗಾದ್ರೆ."

ಬರುವವರಿಗೆಲ್ಲ ಒಂದು ಸೂಚನಾ ಪತ್ರ ಕಳಿಸಿದೆ. ಹನ್ನೆರಡು ಅಂಶಗಳು, ನಾನೇ ಕೂತು ಮೂರು ಸಲ ತಿದ್ದಿದ್ದು. ಒಂಬತ್ತನೆಯದು ಹೀಗಿತ್ತು: ದಾರಿಯಲ್ಲಿ ಯಾರೇ ಕೇಳಿದರೂ, ಯಾವ ಕಾರಣಕ್ಕೂ, ಕಾನ್ಸಲ್ ಕಚೇರಿಯ ಹೆಸರನ್ನಾಗಲಿ ಈ ಭೇಟಿಯನ್ನಾಗಲಿ ಎತ್ತಬೇಡಿ. ಅವರ ಗುಟ್ಟು ಕಾಯುವುದಕ್ಕೆ ಎಂದು ಬರೆದದ್ದು. ಬರೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಗುರುವಾರ ಭೇಟಿ ಚೆನ್ನಾಗಿಯೇ ನಡೆಯಿತು. ಒಬ್ಬ ನರ್ಸ್ ಅತ್ತಳು, ಸಚಿವರು ಚಹಾ ತಣ್ಣಗಾಗಲು ಬಿಟ್ಟು ಬರೆದುಕೊಂಡರು. ಒಂದು ಕುರ್ಚಿ ಖಾಲಿ ಇತ್ತು. ಬಡಗಿ ಹೆದರಿ ಕೈಕೊಟ್ಟ ಎಂದುಕೊಂಡು, ಕುರ್ಚಿಯನ್ನು ಗೋಡೆಗೆ ಸರಿಸಿದೆ. ಖಾಲಿ ಕುರ್ಚಿ ಸಚಿವರ ಕಣ್ಣಿಗೆ ಬೀಳದಿರಲಿ ಎಂಬುದು ಆ ಹೊತ್ತಿನ ಚಿಂತೆ.

ಸಂಜೆ ಏಳಕ್ಕೆ ನನ್ನ ಫೋನಿಗೆ ಕರೆ ಬಂತು. ಸಣ್ಣ ದನಿ. "ಹಲೋ, ನಿಮ್ಮ ನಂಬರ್ ನಮ್ಮ ಫ್ರಿಜ್ಜಿನ ಮೇಲಿದೆ. ಡ್ಯಾಡ್ ನಿಮ್ಮ ಹತ್ರ ಇದ್ದಾರಾ?"

ಬೆಳಿಗ್ಗೆ ಎಂಟಕ್ಕೆ ಮಗಳನ್ನು ಶಾಲೆಗೆ ಬಿಟ್ಟು ಹೊರಟವನು ಮನೆಗೆ ಬಂದಿರಲಿಲ್ಲ. ಫೋನ್ ಆಫ್. ಹುಡುಗಿ ಪಕ್ಕದ ಮನೆಯಲ್ಲಿದ್ದಳು. ಆ ಮನೆಯ ಹೆಂಗಸಿಗೆ ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿ. ಅಪಘಾತವಿರಬಹುದು ಎಂದುಕೊಂಡು ನನ್ನ ಗಂಡ ದಾರಿಯುದ್ದದ ಆಸ್ಪತ್ರೆಗಳಿಗೆ ಫೋನ್ ಮಾಡತೊಡಗಿದರು. ನಾನು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿರುವ ನನ್ನ ಗೆಳತಿಗೆ ಮಾಡಿದೆ. ಧಾರವಾಡದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಸ್ಯಾನ್ ಡಿಯೇಗೊದಲ್ಲಿ ಹೊತ್ತಿಗೊದಗುವ ಒಂದೇ ಜೀವ.

"ಅಕ್ಕಾರ, ಮೊದಲ ಉಸರು ಬಿಡ್ರಿ. ಎಲ್ಲಿಂದ ಎಲ್ಲಿಗೆ ಹೊಂಟಿದ್ದ ಆಂವ?"

"ಸ್ಯಾನ್ ಡಿಯೇಗೊದಿಂದ ನಮ್ಮ ಆಫೀಸಿಗೆ. ಫ್ರೀವೇ ಮೇಲೆ."

"ಕಾಗದ ಇಲ್ಲದಂವ?"

"ಹೌದು."

"ಅಕ್ಕಾರ, ಇಲ್ಲೆ ಕಾಗದ ಇಲ್ಲದವರು ಯಾರೂ ಓಶನ್‌ಸೈಡ್ ದಾಟಂಗಿಲ್ಲರಿ. ನಮ್ಮ ಅಂಗಳದಾಗ ಹುಲ್ಲು ಕತ್ತರಸೋ ಮನಶ್ಯಾನೂ ದಾಟಂಗಿಲ್ಲ. ಮುಂದ ಚೆಕ್‌ಪಾಯಿಂಟ್ ಐತಲ್ಲ. ನಿಮಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು. ನೂರು ಸಲ ಅದರ ಕೆಳಗೆ ಹಾದು ಬಂದಿದ್ದೇನೆ. ಉತ್ತರಕ್ಕೆ ಬರುವ ಕಾರುಗಳಿಗೆ ಮಾತ್ರ ಇರುವ, ಗಡಿ ಗಸ್ತಿನವರ ತಪಾಸಣಾ ಠಾಣೆ. ಅದು ತೆರೆದಿರುವುದೇ ಅಪರೂಪ, ತೆರೆದಿದ್ದರೂ ನಮ್ಮಂಥವರಿಗೆ ಹತ್ತು ನಿಮಿಷದ ಟ್ರಾಫಿಕ್. ದಕ್ಷಿಣಕ್ಕೆ ದೇಶದ ಗಡಿ, ಉತ್ತರಕ್ಕೆ ಈ ಠಾಣೆ. ನಡುವಿನ ಪಟ್ಟಿಯಲ್ಲಿ ಆತ ಹತ್ತೊಂಬತ್ತು ವರ್ಷ ಬದುಕಿದ್ದ. ಅದನ್ನು ನನಗೆ ಹೇಳಿಯೂ ಇದ್ದ. ಕಾಗದವಿಲ್ಲದವರು ಇಂಥದ್ದನ್ನು ಬಿಡಿಸಿ ಹೇಳುವುದಿಲ್ಲ, ಕೇಳಿದವರಿಗೆ ತಿಳಿಯುತ್ತದೆ ಎಂದುಕೊಂಡಿರುತ್ತಾರೆ. ನನಗೆ ತಿಳಿದದ್ದು ಎರಡು ಗಂಟೆಯ ಡ್ರೈವ್.

"ನಾಳೆ ಮುಂಜಾನೆ ಹುಡುಗೀನ್ನ ನಾ ಕರಕೊಂಡು ಬರ್ತೀನಿ ತಗೋರಿ. ಸಾಲಿಗೂ ನಾನ ಬಿಡ್ತೀನಿ."

"ಅವರಪ್ಪನ ಒಪ್ಪಿಗೆ ಇಲ್ದೆ ಹೇಗೆ? ನಾಳೆ ಯಾರಾದ್ರೂ ಕಿಡ್ನಾಪ್ ಅಂದ್ರೆ?"

"ಚಪಾತಿ ತಿನಿಸಿ ಸಾಲಿಗೆ ಬಿಡೋ ಕಿಡ್ನಾಪ್ ಎಲ್ಲೆ ಕೇಳೀರಿ? ಕಾಳಜಿ ಮಾಡೋದ್ರಾಗ ನೀವು ಪಿಎಚ್‌ಡಿ ಮಾಡೀರಿ, ಖರೆ. ಮಾಡಬೇಕಾಗಿದ್ದ ಕಾಳಜಿ ಒಂದನ್ನ ಬಿಟ್ಟೀರಿ ನೋಡ್ರಿ."

ಬೈದದ್ದಲ್ಲ, ತಮಾಷೆಗೆ ಅಂದದ್ದು. ಆದರೂ ಅವಳು ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆತ ಗಡಿಯ ಹತ್ತಿರದ ಬಂಧನ ಕೇಂದ್ರದಲ್ಲಿದ್ದಾನೆ ಎಂದು ತಿಳಿಯಿತು. ಕಾನ್ಸಲ್ ಕಚೇರಿಯಿಂದ ಎಂದು ಹೇಳಿ ವಿವರ ಕೇಳಿದೆ. ಅಧಿಕಾರಿ ಸಭ್ಯಳೇ. "ನಿಮ್ಮ ದೇಶದ ಕಚೇರಿಗೆ ತಿಳಿಸಬೇಕೇ ಅಂತ ನಾವು ಕೇಳಿದ್ದೇವೆ. ಬೇಡ ಅಂದಿದ್ದಾರೆ. ಸಹಿ ಇದೆ. ಹಾಗಿರುವಾಗ ನಿಮಗೆ ಏನನ್ನೂ ಹೇಳುವಂತಿಲ್ಲ."

"ಬೇಡ ಅಂದ್ರಾ?"

"ಎರಡು ಸಲ ಕೇಳಿದ್ದೇವೆ ಮೇಡಂ."

ಬಂಧನಕ್ಕೊಳಗಾದ ವಿದೇಶಿಯನ್ನು ಅವನ ಕಾನ್ಸಲ್ ಕಾಣಬಹುದು, ಅವನ ಪರ ಬರೆಯಬಹುದು. ಆದರೆ ಐರ್ಲೆಂಡಿನವನಾದರೆ ಮೊದಲು ಅವನೇ ಕೇಳಿಕೊಳ್ಳಬೇಕು. ಕೇಳದವನ ಬಗ್ಗೆ ಅವನ ಸರ್ಕಾರ ಬಾಯಿ ಬಿಡುವಂತಿಲ್ಲ. ಆತ ನನ್ನ ಒಂಬತ್ತನೆಯ ಅಂಶವನ್ನು ಅಕ್ಷರಶಃ ಪಾಲಿಸಿದ್ದ. ಯಾರೇ ಕೇಳಿದರೂ, ಯಾವ ಕಾರಣಕ್ಕೂ.

ಕಾನ್ಸಲ್‌ಗೆ ಎರಡನ್ನೂ ಹೇಳಿದೆ, ಓಶನ್‌ಸೈಡನ್ನೂ ಒಂಬತ್ತನೆಯ ಅಂಶವನ್ನೂ. ಎಪ್ಪತ್ತು ದಾಟಿದ ಮನುಷ್ಯ, ಕೋಪಿಸಿಕೊಳ್ಳಬಹುದಿತ್ತು. ಕನ್ನಡಕ ತೆಗೆದು ಒರೆಸಿ, "ಆ ಪತ್ರ ನನಗೂ ತೋರಿಸಿದ್ದಿರಿ. ನಾನೂ ಚೆನ್ನಾಗಿದೆ ಅಂದಿದ್ದೆ," ಎಂದರು. "ಸರ್ಕಾರ ಹೋಗುವಂತಿಲ್ಲ. ಆದರೆ ಶನಿವಾರ ಸಾಮಾನ್ಯ ಜನರಿಗೆ ಭೇಟಿ ಸಮಯ ಇರುತ್ತೆ. ನೀವು ಸಾಮಾನ್ಯ ಜನ ತಾನೆ?"

ಅಷ್ಟು ಸಾಮಾನ್ಯಳು ಎಂದು ನನಗೆ ಅದಕ್ಕೂ ಮೊದಲು ಅನಿಸಿರಲಿಲ್ಲ.

ಶನಿವಾರ ಗಾಜಿನ ಈಚೆ ಕೂತೆ. ಆಚೆ ಆತ. ಇಬ್ಬರ ಕೈಯಲ್ಲೂ ಫೋನ್. ಮೊದಲ ಮಾತು, "ಮಗಳು?"

"ನನ್ನ ಗೆಳತಿ ಮನೇಲಿ. ಮೂರು ಚಪಾತಿ ತಿಂದಳಂತೆ."

"ಏನು ತಿಂದಳು?"

"ರೊಟ್ಟಿ ಥರ. ಪರವಾಗಿಲ್ಲ, ಚೆನ್ನಾಗಿದ್ದಾಳೆ."

ಆತ ಕಣ್ಣು ಮುಚ್ಚಿ ತೆರೆದ. "ಹತ್ತೊಂಬತ್ತು ವರ್ಷದಲ್ಲಿ ಆ ಕಡೆ ಹೋಗಿದ್ದೇ ಮೊನ್ನೆ. ಅವತ್ತೇ ಅದು ತೆರೆದಿತ್ತು. ಅಮೆರಿಕನ್ ಸಿಟಿಜನ್ನಾ ಅಂತ ಗಸ್ತಿನವನು ಕೇಳಿದ. ಹೌದು ಅಂದಿದ್ರೆ ನನ್ನ ಬಿಳಿ ಮುಖ ನೋಡಿ ಬಿಟ್ಟೇಬಿಡ್ತಿದ್ದ. ಆದರೆ ಸಚಿವರ ಮುಂದೆ ಕೂತು ನಿಜ ಹೇಳೋದನ್ನ ಮನೆಯಿಂದ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದೆ ನೋಡಿ. ಬಾಯಿಗೆ ಅದೇ ಬಂತು."

ಹಾಗೆ ಬಂದದ್ದೇ ಪುಣ್ಯ. ಪ್ರಜೆ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆಜೀವ ನಿಷೇಧ. ಅದನ್ನು ಹೇಳಿ ಸಮಾಧಾನ ಮಾಡಲು ನನಗೆ ಮುಖವಿರಲಿಲ್ಲ.

"ಕಾನ್ಸಲ್ ಬೇಕು ಅಂತ ಕೇಳಿ. ಇವತ್ತೇ, ಬರವಣಿಗೆಯಲ್ಲಿ," ಎಂದೆ.

"ಹೆಸರು ಎತ್ತಬೇಡಿ ಅಂತ ನೀವೇ ಬರೆದಿದ್ರಲ್ಲ?"

"ತಪ್ಪಾಗಿ ಬರೆದಿದ್ದೆ. ಎತ್ತಿ."

ಆತ ನಕ್ಕ. ಆ ನಗೆಗಿಂತ ನಾಲ್ಕು ಬೈಗುಳ ಎಷ್ಟೋ ವಾಸಿ ಅನಿಸಿತು. ಅಂದೇ ಕೋರಿಕೆ ಪತ್ರಕ್ಕೂ, ಮಗಳನ್ನು ಗೆಳತಿ ನೋಡಿಕೊಳ್ಳಬಹುದೆಂಬ ಒಪ್ಪಿಗೆಗೂ ಸಹಿ ಹಾಕಿದ.

ಬಾಗಿಲು ತೆರೆಯಿತು ಎಂದುಕೊಂಡೆ. ಸೋಮವಾರ ಕಾನ್ಸಲ್ ಅಧಿಕೃತವಾಗಿ ಹೋಗಿ ಬಂದು ಕುರ್ಚಿಯಲ್ಲಿ ಕುಸಿದರು. ವೀಸಾ ಇಲ್ಲದೆ ಬರುವ ಸೌಲಭ್ಯಕ್ಕೆ ಒಂದು ಷರತ್ತಿದೆ. ತೊಂಬತ್ತು ದಿನ ಮೀರಿ ಉಳಿದರೆ ತಮ್ಮನ್ನು ಹೊರಹಾಕುವುದನ್ನು ಪ್ರಶ್ನಿಸಲು ನ್ಯಾಯಾಧೀಶರ ಮುಂದೆ ಹೋಗುವುದಿಲ್ಲ ಎಂದು ಬರುವಾಗಲೇ ಒಪ್ಪಿಕೊಂಡಿರಬೇಕು. ವಿಮಾನದಲ್ಲಿ ಕೊಟ್ಟ ಕಾಗದ, ಓದಿದವರು ಯಾರು? ಹಾಗಾಗಿ ವಿಚಾರಣೆ ಇಲ್ಲ, ಜಾಮೀನು ಇಲ್ಲ. ಒಬ್ಬ ಅಧಿಕಾರಿಯ ಸಹಿ ಸಾಕು. ಸಹಿ ಆಗಿತ್ತು. ಗಡೀಪಾರು ತಡೆಯಿರಿ ಎಂದು ಸಲ್ಲಿಸಬಹುದಾದ ಒಂದು ಅರ್ಜಿ ಮಾತ್ರ ಉಳಿದಿತ್ತು. ಅವನು ಕಟ್ಟಿಕೊಟ್ಟ ಅಡುಗೆಮನೆಗಳ ಒಡೆಯರಿಂದ, ಶಾಲೆಯಿಂದ, ಚರ್ಚಿನಿಂದ ಪತ್ರ ಸಂಗ್ರಹಿಸಿ ಮಂಗಳವಾರ ಸಲ್ಲಿಸಿದೆವು.

ಅದೇ ಮಂಗಳವಾರ ನನ್ನ ಇನ್‌ಬಾಕ್ಸಿಗೆ ಗಡೀಪಾರು ಕಚೇರಿಯವರಿಂದ ಒಂದು ವಿನಂತಿ ಬಂತು. ಬಡಗಿಯ ಪಾಸ್‌ಪೋರ್ಟಿನ ಅವಧಿ ಆರು ವರ್ಷದ ಹಿಂದೆಯೇ ಮುಗಿದಿತ್ತು. ಪಾಸ್‌ಪೋರ್ಟ್ ಇಲ್ಲದವನನ್ನು ಯಾವ ವಿಮಾನವೂ ಹತ್ತಿಸಿಕೊಳ್ಳುವುದಿಲ್ಲ. ದಯವಿಟ್ಟು ಇವರ ಹೆಸರಿಗೆ ತುರ್ತು ಪ್ರಯಾಣ ಪತ್ರ ಒದಗಿಸಿ ಸಹಕರಿಸಿ.

ಅಂದರೆ ಅವನನ್ನು ಹೊರಹಾಕಲು ಅವರಿಗೆ ಬೇಕಾದ ಕಡೆಯ ಕಾಗದ ನಮ್ಮ ಕಬ್ಬಿಣದ ಬೀರುವಿನಲ್ಲಿತ್ತು. ಆ ಬೀರುವಿನ ಕೀಲಿ ನನ್ನ ಹತ್ತಿರ ಇತ್ತು. ಒಂದೇ ಹಾಳೆ, ಒಂದೇ ಪ್ರಯಾಣಕ್ಕೆ. ತುಂಬಿ, ಫೋಟೊ ಅಂಟಿಸಿ, ಮುದ್ರೆ ಒತ್ತಲು ಅರ್ಧ ಗಂಟೆ ಸಾಕು. ಬಂದ ಇ-ಮೇಲಿಗೆ ಅದೇ ದಿನ ಉತ್ತರಿಸದಿದ್ದರೆ ನಿದ್ದೆ ಬಾರದ ಹೆಂಗಸು ನಾನು. ಆ ವಿನಂತಿಗೆ ಮಾತ್ರ ಉತ್ತರಿಸಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಗುರುವಾರ ಅವರು ನೆನಪಿಸಿದರು. ಅದೇ ಸಂಜೆ ನಮ್ಮ ತಡೆ ಅರ್ಜಿ ವಾಪಸಾಯಿತು. ತಿರಸ್ಕರಿಸಲಾಗಿದೆ ಎಂಬ ಒಂದೇ ಸಾಲು, ಕಾರಣ ಇಲ್ಲ.

ಶುಕ್ರವಾರ ವಾಷಿಂಗ್ಟನ್ನಿನ ಐರಿಶ್ ರಾಯಭಾರ ಕಚೇರಿಯ ಅಧಿಕಾರಿ ಫೋನ್ ಮಾಡಿದ. ಕಾನ್ಸಲ್ ಸ್ಪೀಕರಿಗೆ ಹಾಕಿದರು.

"ಪ್ರಯಾಣ ಪತ್ರ ಇನ್ನೂ ಕೊಟ್ಟಿಲ್ಲವಂತೆ?"

"ಪರಿಶೀಲನೆಯಲ್ಲಿದೆ," ಎಂದರು ಕಾನ್ಸಲ್.

"ಸರ್, ನನಗೂ ಸಂಕಟವೇ. ಆದರೆ ನಾವು ಯಾವಾಗಲೂ ಸಹಕರಿಸುವ ದೇಶ. ಆ ಹೆಸರಿನ ಮೇಲೆಯೇ ಮಸೂದೆ ಕೇಳ್ತಾ ಇದ್ದೀವಿ. ಒಬ್ಬರಿಗೋಸ್ಕರ ಹಟ ಹಿಡಿದರೆ ಮಿಕ್ಕ ಸಾವಿರಾರು ಜನರ ಪಾಡೇನು? ಸೋಮವಾರದೊಳಗೆ ಕೊಟ್ಟುಬಿಡಿ."

ಅವನ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದೆ. ಸಿಗಲಿಲ್ಲ. ನಮ್ಮ ಕೋಣೆಯಲ್ಲಿ ಅತ್ತ ನರ್ಸ್ ಆ ಸಾವಿರದಲ್ಲಿ ಒಬ್ಬಳು.

ಶನಿವಾರ ಬೆಳಿಗ್ಗೆ ಗೆಳತಿಯ ಮನೆಗೆ ಹೋದೆ. ಹುಡುಗಿ ಊಟದ ಮೇಜಿನಲ್ಲಿ ಲೆಕ್ಕ ಮಾಡುತ್ತಿದ್ದಳು. ಗೆಳತಿಯ ಮಗಳು ಎದುರಿಗೆ. ಗೆಳತಿ ಕನ್ನಡದಲ್ಲಿ ಗದರಿದರೆ ಇಬ್ಬರೂ ಇಂಗ್ಲಿಷಿನಲ್ಲಿ "ಓಕೆ, ಓಕೆ" ಅನ್ನುತ್ತಿದ್ದರು.

ನನ್ನನ್ನು ಕಂಡು ಹುಡುಗಿ ಪೆನ್ಸಿಲ್ ಇಟ್ಟಳು. "ಡ್ಯಾಡ್‌ನ ಐರ್ಲೆಂಡಿಗೆ ಕಳಿಸಿದ್ರೆ ನಾನೆಲ್ಲಿಗೆ ಹೋಗ್ತೀನಿ?"

"ಹಾಗೆ ಆಗದಂತೆ ಪ್ರಯತ್ನ ಮಾಡ್ತಾ ಇದ್ದೀವಿ."

"ಹಾಗೇ ಆಗ್ಬಿಟ್ರೆ?"

ಒಂಬತ್ತು ದಿನದಿಂದ ನಾವ್ಯಾರೂ ಆ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಕೊಂಡಿರಲಿಲ್ಲ. ಅವನನ್ನು ಉಳಿಸುವುದು ಹೇಗೆ ಎಂಬುದರಲ್ಲೇ ಮುಳುಗಿದ್ದೆವು. ಉಳಿಸಲಾಗದಿದ್ದರೆ, ಅವನಿಗೆ ಬೇಡಿ ಹಾಕಿ ವಿಮಾನ ಹತ್ತಿಸುತ್ತಾರೆ. ಇವಳು ಇಲ್ಲೇ, ಚಪಾತಿಯ ಮುಂದೆ. ಆಮೇಲೆ ಯಾರೋ ಕರೆದೊಯ್ಯಬೇಕು. ಕರೆದೊಯ್ಯಲು ಪಾಸ್‌ಪೋರ್ಟ್ ಬೇಕು.

"ನಿನಗೆ ಪಾಸ್‌ಪೋರ್ಟ್ ಇದೆಯಾ?"

"ಇಲ್ಲ. ಡ್ಯಾಡ್‌ಗೆ ಆ ಆಫೀಸಿಗೆ ಹೋಗೋಕೆ ಇಷ್ಟ ಇಲ್ಲ."

ಸರ್ಕಾರದ ಕೌಂಟರಿನ ಮುಂದೆ ಅವನು ನಿಲ್ಲುವುದಾದರೂ ಹೇಗೆ! ನಾನು ಲ್ಯಾಪ್‌ಟಾಪ್ ತೆರೆದು, ಅಮೆರಿಕನ್ ಮಕ್ಕಳ ಪಾಸ್‌ಪೋರ್ಟಿನ ನಿಯಮಗಳನ್ನು ಮೊದಲ ಸಾಲಿನಿಂದ ಓದಿದೆ. ಚಿಂತೆಯ ಮನುಷ್ಯರು ಹಿಂಬದಿಯ ಸಣ್ಣ ಅಕ್ಷರವನ್ನೂ ಬಿಡುವುದಿಲ್ಲ, ಅದೊಂದೇ ನಮ್ಮ ಉಪಯೋಗ. ಹದಿನಾರರೊಳಗಿನ ಮಗು ಖುದ್ದಾಗಿ ಬರಬೇಕು. ಜೊತೆಗೆ ಹೆತ್ತವರು ಬರಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣಪತ್ರ, ಉಳಿದವರು ಹಾಜರು. ಐರಿಶ್ ತಂದೆಯ ಮಗಳಾದ್ದರಿಂದ ನಮ್ಮ ಬೀರುವಿನ ಹಾಳೆ ಅವಳಿಗೂ ಸಿಗಬಹುದಿತ್ತು. ಆದರೆ ಅಮೆರಿಕನ್ ಪ್ರಜೆ ಈ ದೇಶ ಬಿಡುವಾಗ ಅಮೆರಿಕನ್ ಪಾಸ್‌ಪೋರ್ಟನ್ನೇ ಹಿಡಿದಿರಬೇಕು ಎಂಬುದು ಈ ದೇಶದ್ದೇ ನಿಯಮ.

ಗೆಳತಿ ಹಿಂದೆ ನಿಂತು ಓದಿದಳು. "ಅಂದ್ರ ಅಪ್ಪ ಹೊರಗ ಬರೂತನಕ ಈಕೀಗೆ ಪಾಸ್‌ಪೋರ್ಟ್ ಇಲ್ಲ."

"ಹೌದು."

"ಪಾಸ್‌ಪೋರ್ಟ್ ಇಲ್ಲಂದ್ರ ಈಕಿ ಹೋಗಂಗಿಲ್ಲ. ಇಲ್ಲಿ ಹುಟ್ಟಿದ ಹುಡುಗೀನ್ನ ಒಬ್ಬಾಕೀನ್ನ ಬಿಟ್ಟು ಅಪ್ಪನ್ನ ಓಡಿಸಿದ್ರು ಅಂತ ಬರೀಬೇಕಾಗ್ತದ ಅವರ ಫೈಲಿನಾಗ. ಬರೀತಾರೇನ್ರಿ ಹಂಗ?"

ಅಲ್ಲಿ ದಾರಿ ಕಂಡಿತು. ಅದು ಅವನು ಉಳಿಯುವ ದಾರಿ ಆಗಿರಲಿಲ್ಲ. ಆ ದಾರಿ ಹಿಡಿಯಬೇಕಾದರೆ ಉಳಿಸುವ ಹೋರಾಟವನ್ನು ಕೈಬಿಡಬೇಕಿತ್ತು. ಕಾನ್ಸಲ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಅವನನ್ನು ಕೇಳಿದಿರಾ?"

ಕೇಳಿರಲಿಲ್ಲ. ಅವನ ಪರವಾಗಿ ಇಷ್ಟು ಜನ ಇಷ್ಟು ಕಾಗದ ಬರೆದಿದ್ದೆವು, ಅವನನ್ನು ಏನೂ ಕೇಳಿರಲಿಲ್ಲ.

ಅಂದೇ ಮಧ್ಯಾಹ್ನ ಮತ್ತೆ ಗಾಜಿನ ಮುಂದೆ ಕೂತು ಹೇಳಿದೆ. ಪ್ರಯಾಣ ಪತ್ರವನ್ನು ನಾವು ಇನ್ನೂ ಕೆಲವು ದಿನ ತಡೆಹಿಡಿಯಬಹುದು, ನೀವು ಒಳಗೇ ಇರುತ್ತೀರಿ, ಕಡೆಗೆ ಹೇಗೂ ಕಳಿಸುತ್ತಾರೆ. ಇಲ್ಲವೇ ಪತ್ರ ಕೊಡುತ್ತೇವೆ, ಬದಲಿಗೆ ನಿಮ್ಮನ್ನು ಕೆಲವು ದಿನ ಹೊರಗೆ ಬಿಡಿ ಎಂದು ಕೇಳುತ್ತೇವೆ, ಮಗಳ ಜೊತೆ ನೀವೇ ಹೋಗಬಹುದು. ಹೋದರೆ ಹತ್ತು ವರ್ಷ ಬರುವಂತಿಲ್ಲ.

ಆತ ಬಹಳ ಹೊತ್ತು ಕೌಂಟರಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಕೆಟ್ಟ ಕೆಲಸ, ಲ್ಯಾಮಿನೇಟ್ ಎದ್ದಿತ್ತು.

"ಅವಳಿಗೆ ಅಲ್ಲಿ ಯಾರೂ ಗೊತ್ತಿಲ್ಲ," ಎಂದ.

"ಗೊತ್ತು."

"ಸರಪಳಿ ಹಾಕ್ಕೊಂಡು ಹೋಗೋದನ್ನ ಅವಳು ನೋಡಬಾರದು. ಉಳಿದದ್ದು ನಿಮಗೆ ಬಿಟ್ಟೆ." ಆಮೇಲೆ, "ಹತ್ತು ದಿನ ಸಿಕ್ಕರೂ ಸಾಕು. ಒಬ್ಬರ ಮನೇಲಿ ಕಪಾಟಿನ ಬಾಗಿಲು ಅರ್ಧ ಬಿಟ್ಟಿದ್ದೀನಿ."

ಸೋಮವಾರ ಸ್ಯಾನ್ ಡಿಯೇಗೊದ ಗಡೀಪಾರು ಕಚೇರಿಯಲ್ಲಿ ಮೇಲಧಿಕಾರಿಯ ಎದುರು ಕಾನ್ಸಲ್ ಮತ್ತು ನಾನು. ಈ ಚೌಕಾಸಿಯನ್ನು ವಾಷಿಂಗ್ಟನ್ನಿಗೆ ಕಾನ್ಸಲ್ ತಿಳಿಸಿರಲಿಲ್ಲ. ಪತ್ರ ಸೋಮವಾರದೊಳಗೆ ಕೊಡಿ ಎಂದಿದ್ದರಲ್ಲ, ತಂದಿದ್ದೇವಲ್ಲ, ಎಂದು ಕಾರಿನಲ್ಲಿ ನನಗೆ ಹೇಳಿದ್ದರು. ಪ್ರಯಾಣ ಪತ್ರ ನನ್ನ ಫೋಲ್ಡರಿನಲ್ಲಿತ್ತು. ಬೆಳಿಗ್ಗೆ ನಾನೇ ತುಂಬಿದ್ದು: ಎತ್ತರ, ಕಣ್ಣಿನ ಬಣ್ಣ, ಕಸುಬು. ಮರಣಪತ್ರದ ಹಳೆಯ ಕಡತದಲ್ಲಿದ್ದ ಫೋಟೊವನ್ನೇ ಅಂಟಿಸಿದ್ದೆ. ಇಬ್ಬರೂ ಇದ್ದ ಆ ಫೋಟೊದಿಂದ ಅವನಷ್ಟನ್ನೇ ಕತ್ತರಿಸಿದಾಗ ಹೆಂಡತಿಯ ಭುಜದ ತುದಿ ಅಂಚಿನಲ್ಲಿ ಉಳಿದಿತ್ತು.

ಕಾನ್ಸಲ್ ಬಡಗಿಯ ಹೆಸರನ್ನೇ ಎತ್ತಲಿಲ್ಲ. "ಒಂದು ಮಗುವಿನ ವಿಷಯಕ್ಕೆ ಬಂದಿದ್ದೇವೆ," ಎಂದರು.

ಅಧಿಕಾರಿ ಕೇಳಿಸಿಕೊಂಡ. "ಆ ಮಗು ನಿಮ್ಮ ಪ್ರಜೆಯೋ?"

"ನಮ್ಮದೂ ಹೌದು. ಆದರೆ ಈ ದೇಶದಿಂದ ಹೊರಡುವಾಗ ನಿಮ್ಮದು."

"ತಂದೆ ನೋಟರಿ ಮುಂದೆ ಸಹಿ ಹಾಕಿದರೆ ಪಾಸ್‌ಪೋರ್ಟ್ ಸಿಗುತ್ತೆ."

"ಸಿಗಬಹುದು. ಆಮೇಲೆ ಹನ್ನೊಂದು ವರ್ಷದ ಅಮೆರಿಕನ್ ಹುಡುಗಿಯ ಕೈ ಹಿಡಿದು ಕರೆದೊಯ್ಯುವವರು ಯಾರು? ನೀವು ಹೋಗುತ್ತೀರಾ?"

ಇವರು ಹೀಗೆ ಮಾತಾಡಿದರೆ ಎದ್ದು ಹೋಗು ಎನ್ನುತ್ತಾನೆ ಎಂದುಕೊಂಡೆ. ಅನ್ನಲಿಲ್ಲ. ನನ್ನ ಕಡೆ ತಿರುಗಿದ. "ಮಗು ಈಗ ಎಲ್ಲಿದೆ?"

"ನನ್ನ ಗೆಳತಿ ಮನೇಲಿ. ಬಂದು ನೋಡಬಹುದು. ತಂದೆಯ ಒಪ್ಪಿಗೆ ಪತ್ರ ಇದೆ, ಶಾಲೆಯ ಹಾಜರಿ ಇದೆ, ಮರಣಪತ್ರ ಇದೆ, ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ಗುರುವಾರ, ಟಿಕೆಟ್ ಬುಕ್ ಆಗಿದೆ, ಪಕ್ಕಪಕ್ಕದ ಸೀಟು." ಒಂದೊಂದೇ ಕಾಗದವನ್ನು ಮೇಜಿನ ಮೇಲಿಟ್ಟೆ. ಕಡೆಗೆ ಪ್ರಯಾಣ ಪತ್ರ. ಅದನ್ನು ಇಟ್ಟ ಕೈಯನ್ನು ತಕ್ಷಣ ತೆಗೆಯಲಾಗಲಿಲ್ಲ.

ಆತ ಒಳಗೆ ಹೋಗಿ ನಲವತ್ತು ನಿಮಿಷದ ನಂತರ ಬಂದ. "ಹನ್ನೆರಡು ದಿನ. ಕಾಲಿಗೆ ಟ್ರ್ಯಾಕರ್. ವಿಮಾನ ಹತ್ತುವುದನ್ನು ನಮ್ಮವರೊಬ್ಬರು ನೋಡುತ್ತಾರೆ. ಪತ್ರ ಇಲ್ಲೇ ಇರಲಿ."

ಕಾರಿಗೆ ಬಂದ ಮೇಲೆ ಕಾನ್ಸಲ್ ಬಹಳ ಹೊತ್ತು ಇಂಜಿನ್ ಶುರು ಮಾಡಲಿಲ್ಲ. "ಗೆದ್ದೆವು ಅನ್ನಬೇಕೇನು ಇದನ್ನ?" ಎಂದರು. ವಾಷಿಂಗ್ಟನ್ನಿಗೆ ಅವರೇ ಫೋನ್ ಮಾಡಿದರು. ಪತ್ರ ಸಲ್ಲಿಸಲಾಗಿದೆ ಎಂದು ಕೇಳಿ ಆ ಕಡೆಯವನಿಗೆ ಹಾಯೆನಿಸಿತು.

ಹನ್ನೆರಡು ದಿನದಲ್ಲಿ ಆತ ಕಪಾಟಿನ ಬಾಗಿಲು ಕೂರಿಸಿದ, ವ್ಯಾನು ಮಾರಿದ, ಮಗಳ ಜೊತೆ ಕೌಂಟರಿನ ಮುಂದೆ ನಿಂತು ಬಲಗೈ ಎತ್ತಿ ಪ್ರಮಾಣ ಮಾಡಿದ. ಹೆಂಡತಿಯ ಸಮಾಧಿಗೆ ಹೋಗಿ ಬಂದರಂತೆ. ಅದನ್ನು ಗೆಳತಿ ಹೇಳಿದ್ದು, ನಾನು ಕೇಳಿರಲಿಲ್ಲ. ಈ ನಡುವೆ ನಾನು ದಿನಕ್ಕೆ ಎರಡು ಸಲ ಫೋನ್ ಮಾಡಿ ಟ್ರ್ಯಾಕರಿಗೆ ಚಾರ್ಜ್ ಹಾಕಿದ್ದೀರಾ ಎಂದು ವಿಚಾರಿಸುತ್ತಿದ್ದೆ. ಮೂರನೆಯ ದಿನದಿಂದ ಮಗಳೇ ಫೋನ್ ಎತ್ತಿ ನಾನು ಬಾಯಿ ತೆರೆಯುವ ಮೊದಲೇ "ಯೆಸ್, ಫುಲ್ ಚಾರ್ಜ್" ಅನ್ನುತ್ತಿದ್ದಳು.

ಹೊರಡುವ ದಿನ ಸ್ಯಾನ್ ಡಿಯೇಗೊ ವಿಮಾನ ನಿಲ್ದಾಣದಲ್ಲಿ, ಟ್ರ್ಯಾಕರ್ ಬಿಚ್ಚಲು ಅಧಿಕಾರಿ ಅವನನ್ನು ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದ. ಬೆಂಚಿನ ಮೇಲೆ ಹುಡುಗಿ ಮತ್ತು ನಾನು. ಅವಳ ಕೈಯಲ್ಲಿ ಹೊಸ ಪಾಸ್‌ಪೋರ್ಟ್.

"ಡ್ಯಾಡ್ ವಾಪಸ್ ಯಾವಾಗ ಬರಬಹುದು?"

ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬಾಯಿಂದ ಬಂದಿತ್ತು. "ಹತ್ತು ವರ್ಷ."

"ಆಗ ನನಗೆ ಇಪ್ಪತ್ತೊಂದು."

"ಹೌದು."

"ಇಪ್ಪತ್ತೊಂದಾದ್ರೆ ಅಪ್ಪನಿಗೋಸ್ಕರ ಅಪ್ಲೈ ಮಾಡಬಹುದಂತೆ. ಆಂಟಿ ಮನೇಲಿ ಕಂಪ್ಯೂಟರಲ್ಲಿ ನೋಡಿದೆ. ಆ ಫಾರ್ಮ್ ನಿಮ್ಮ ಹತ್ರ ಇದೆಯಾ?"

ಇತ್ತು. ಹಿಂದಿನ ದಿನವೇ ಪ್ರಿಂಟ್ ತೆಗೆದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೆ, ಕೊಡಲು ನಾಚಿಕೆಯಾಗಿ ಹಾಗೇ ಬಿಟ್ಟಿದ್ದೆ. ತೆಗೆದುಕೊಟ್ಟೆ. "ಆದರೆ ನೋಡು, ಹತ್ತು ವರ್ಷದಲ್ಲಿ ಈ ಫಾರ್ಮ್ ಬದಲಾಗಬಹುದು. ಕಾನೂನು ಬದಲಾಗಬಹುದು. ಅರ್ಜಿ ಹಾಕಿದರೆ ಸಾಲದು, ಆಮೇಲೆ..."

"ಐ ನೋ. ಪೆನ್ ಇದೆಯಾ?"

ಪಾಸ್‌ಪೋರ್ಟನ್ನು ಫಾರ್ಮಿನ ಅಡಿಗೆ ಇಟ್ಟುಕೊಂಡು, ತೊಡೆಯ ಮೇಲೆ ದೊಡ್ಡಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಹುಟ್ಟಿದ ಊರು, ಸ್ಯಾನ್ ಡಿಯೇಗೊ. ಯಾರಿಗಾಗಿ ಅರ್ಜಿ ಎಂಬಲ್ಲಿ ಗಂಡ ಹೆಂಡತಿ, ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಎಂದು ನಾಲ್ಕು ಚೌಕಗಳಿದ್ದವು. ಎರಡನೆಯದಕ್ಕೆ ಗುರುತು ಹಾಕಿದಳು. ತಾರೀಖಿನ ಜಾಗಕ್ಕೆ ಬಂದು ನಿಂತಳು.

"ಇದನ್ನ ಖಾಲಿ ಬಿಡ್ಲಾ?"

"ಬಿಡು."

ತಂದೆ ಕಾಲಿನ ಗಂಟನ್ನು ನೀವಿಕೊಳ್ಳುತ್ತ ಹೊರಗೆ ಬಂದ. "ಏನದು?"

"ಹೋಂವರ್ಕ್," ಎಂದಳು, ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು. ಆತ ನನ್ನ ಕೈ ಕುಲುಕಿದ. ಏನಾದರೂ ಹೇಳಬೇಕೆಂದು ಮೂರು ವಾರದಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಕ್ಷಮೆಯ ಮಾತು ಬಾಯಿಗೆ ಬರಲಿಲ್ಲ. "ಸೀಟು ಪಕ್ಕಪಕ್ಕ ಇದೆಯಾ ಅಂತ ಇನ್ನೊಂದು ಸಲ ನೋಡಿ," ಎಂದೆ.

"ನೋಡ್ತೀನಿ ಮೇಡಂ," ಎಂದ.

ಅಧಿಕಾರಿ ಗೇಟಿನವರೆಗೆ ಹೋಗಿ, ಅರ್ಧ ಗಂಟೆಯ ನಂತರ ಬಂದು ನನ್ನ ಮುಂದೆ ಕ್ಲಿಪ್‌ಬೋರ್ಡ್ ಹಿಡಿದ. ಬಡಗಿ ದೇಶ ಬಿಟ್ಟನೆಂಬ ನಿರ್ಗಮನ ದೃಢೀಕರಣ. ಅಧಿಕಾರಿಯ ಸಹಿ ಆಗಿತ್ತು, ಕಾನ್ಸಲ್ ಕಚೇರಿಯದು ಬಾಕಿ. ಪರ್ಸು ತಡಕಿದೆ. ಪೆನ್ನು ಹುಡುಗಿಯ ಜೊತೆ ಹೋಗಿಬಿಟ್ಟಿತ್ತು. ಅವನದನ್ನೇ ಇಸಿದುಕೊಂಡು ಸಹಿ ಮಾಡಿದೆ.